ಉಜ್ಜೋದಲ್ಲ, ನೆನೆಸೋದು: ಬೋರ್ ನೀರಿನ ಕರೆ ತೆಗೆದ ನನ್ನ ಅನುಭವ

ಅರಸೀಕೆರೆಯಲ್ಲಿ ನಮ್ಮ ಮನೆ ಹಿಂದೆ ಎರಡು ಬಾಡಿಗೆ ಮನೆಗಳಿವೆ. ಬಳಸುವುದೆಲ್ಲ ಬೋರ್ ನೀರು. ಯಾರಾದರೂ ಖಾಲಿ ಮಾಡಿದಾಗ ನನಗೆ ಸುಣ್ಣ-ಬಣ್ಣಕ್ಕಿಂತ ಟಾಯ್ಲೆಟ್‌ನದ್ದೇ ಚಿಂತೆ. ಕಮೋಡ್‌ನಲ್ಲಿ ನೀರಿಳಿಯುವ ಕಡೆ ಹಳದಿ ಗೆರೆಗಳು, ನೀರು ನಿಲ್ಲುವ ಮಟ್ಟದಲ್ಲಿ ಸುತ್ತಲೂ ಒರಟು ಹಕ್ಕಳೆ. ಸಕಲೇಶಪುರದ ಅಕ್ಕನ ಮನೆಯಲ್ಲಿ ಇದರ ಸುಳಿವೇ ಇಲ್ಲ. ಜಿಲ್ಲೆ ಒಂದೇ, ನೀರು ಬೇರೆ ಅಲ್ವಾ! ಅಲ್ಲಿ ಮಳೆ ಜಾಸ್ತಿ, ತೊರೆ ನೀರು. ನಮ್ಮದು ಆಳದ ಬಂಡೆ ಸಂದಿಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುವ ನೀರು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ ಅನ್ನುತ್ತದೆ ಭಾರತೀಯ ಮಾನದಂಡ. ನಮ್ಮ ನೀರಿನಲ್ಲಿ ಸೋಪು ನೊರೆಯೇ ಕಟ್ಟುವುದಿಲ್ಲ, ಲೆಕ್ಕ ನೀವೇ ಹಾಕಿ.

ತುಂಬಾ ಜನ ಮೊದಲು ಕೈ ಹಾಕುವುದು ಬ್ಲೀಚಿಂಗ್ ಪುಡಿಗೆ. ಕ್ರಿಮಿ ಸಾಯುತ್ತದೆ, ಕರೆ ಮಾತ್ರ ಅಲ್ಲೇ ಇರುತ್ತದೆ. ಆ ಕರೆ ಸುಣ್ಣದ ಜಾತಿಯದು, ಪುಡಿಯಲ್ಲೂ ಸುಣ್ಣವೇ ಇದೆ. ಸುಣ್ಣ ಕರಗಬೇಕಾದರೆ ಹುಳಿ ಬೇಕು. ನಾನು ಬಳಸುವುದು ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್.

ರಾತ್ರಿ ಎಲ್ಲರೂ ಮಲಗುವ ಮುಂಚೆ ಶುರು. ಫ್ಲಶ್ ಟ್ಯಾಂಕಿನ ನಲ್ಲಿ ಬಂದ್ ಮಾಡಿ, ಕಮೋಡ್‌ನಲ್ಲಿ ನಿಂತ ನೀರನ್ನು ಬ್ರಷ್‌ನಿಂದ ಒಳಕ್ಕೆ ತಳ್ಳುತ್ತೇನೆ. ಇದನ್ನು ಬಿಟ್ಟರೆ ಹುಳಿಯೆಲ್ಲ ನೀರಿಗೇ ಹೋಗುತ್ತದೆ. ಆಮೇಲೆ ಅರ್ಧ ಮಗ್ ಬಿಸಿನೀರಿಗೆ ನಾಲ್ಕೈದು ಚಮಚ ನಿಂಬೆ ಉಪ್ಪು. ಕುದಿಯುವ ನೀರು ಬೇಡ, ಪಿಂಗಾಣಿ ಸೀಳೀತು. ಸುರಿದ ಕೂಡಲೇ ಹಕ್ಕಳೆ ಮೇಲೆ ಸಣ್ಣ ಗುಳ್ಳೆಗಳೇಳುತ್ತವೆ, ಕಿವಿ ಹತ್ತಿರ ಕೊಟ್ಟರೆ ಚುರ್ ಅನ್ನುವುದೂ ಕೇಳುತ್ತದೆ. ಗುಳ್ಳೆ ಬಂತು ಅಂದರೆ ಕೆಲಸ ನಡೀತಿದೆ ಅಂತ.

ಕಮೋಡ್‌ನ ಒಳಗೋಡೆಯ ಮೇಲಿನ ಗೆರೆಗಳಿಗೆ ಇದು ಸಾಲದು, ಜಾರಿ ಹೋಗುತ್ತದೆ. ಹಳೇ ಪಂಚೆ ಹರಿದು ಪಟ್ಟಿ ಮಾಡಿ, ಅದೇ ನೀರಲ್ಲಿ ಅದ್ದಿ ಗೆರೆ ಮೇಲೆ ಅಂಟಿಸುತ್ತೇನೆ. ಅಂಚಿನ ಕೆಳಗಿನ ತೂತುಗಳಿಗೂ ಒಂದೊಂದು ಚೂರು. ಬೆಳಗ್ಗೆ ಪಟ್ಟಿ ತೆಗೆದರೆ ಹಕ್ಕಳೆ ಮೆತ್ತಗಾಗಿರುತ್ತದೆ, ನೈಲಾನ್ ಬ್ರಷ್‌ಗೇ ಬಿಡುತ್ತದೆ. ದಪ್ಪಗಿದ್ದರೆ ಮತ್ತೊಂದು ರಾತ್ರಿ. ತೂತು ಕಟ್ಟಿದ್ದರೆ ತಂತಿಯಲ್ಲಿ ಚುಚ್ಚಿ ಬಿಡಿಸಿ.

ಬಾಟಲಿಯ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೆಚ್ಚಿನವು ಹೈಡ್ರೋಕ್ಲೋರಿಕ್ ಆಸಿಡ್‌ನವೇ. ಬೇಗ ಕೆಲಸ ಮಾಡುತ್ತವೆ. ಆದರೆ ನಿಂಬೆ ಉಪ್ಪಾಗಲಿ, ಆ ಬಾಟಲಿಯಾಗಲಿ, ಬ್ಲೀಚಿಂಗ್ ಪುಡಿ ಜೊತೆ ಮಾತ್ರ ಸೇರಿಸಲೇಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ, ಸಣ್ಣ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಕುತ್ತು. ನೆಲಕ್ಕೆ ಕಡಪ ಕಲ್ಲು ಹಾಕಿದ್ದರೆ ಯಾವ ಹುಳಿಯೂ ಚೆಲ್ಲದಂತೆ ನೋಡಿಕೊಳ್ಳಿ, ಅದು ಸುಣ್ಣದ ಕಲ್ಲು, ಮಂಕಾಗುತ್ತದೆ.

ಇನ್ನು ಮತ್ತೆ ಬರದಂತೆ ತಡೆಯುವುದು. ಗೆರೆ ಒಂದೇ ಜಾಗದಲ್ಲಿ ಬರುತ್ತಿದೆ ಅಂದರೆ ಟ್ಯಾಂಕ್ ಸೋರುತ್ತಿದೆ ಅಂತಲೇ ನನ್ನ ಮೊದಲ ಅನುಮಾನ. ಬಟ್ಟೆಗೆ ಹಾಕುವ ನೀಲಿಯನ್ನು ಟ್ಯಾಂಕಿಗೆ ನಾಲ್ಕು ಹನಿ ಬಿಟ್ಟು ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡ್ ನೀರು ನೀಲಿ ಆಯಿತೋ, ಒಳಗಿನ ವಾಷರ್ ಹೋಗಿದೆ. ವಾಷರ್‌ಗೆ ದುಡ್ಡು ಹೆಚ್ಚಿಲ್ಲ, ಆದರೂ ಜನ ವರ್ಷಗಟ್ಟಲೆ ಸುಮ್ನೆ ಬ್ರಷ್ ಹಿಡಿದು ಉಜ್ಜುತ್ತಾರೆ. ಸೋರುವುದು ನಿಂತ ಮೇಲೆ ವಾರಕ್ಕೊಮ್ಮೆ ಎರಡು ಚಮಚ ನಿಂಬೆ ಉಪ್ಪು ಉದುರಿಸಿ, ಒಂದು ಗಂಟೆ ಬಿಟ್ಟು ಫ್ಲಶ್ ಮಾಡಿದರೆ ಸಾಕು, ಹಕ್ಕಳೆ ಗಟ್ಟಿಯಾಗುವುದಿಲ್ಲ. ಮೆತ್ತಗಿನ ನೀರು ಮಾಡುವ ಸಾಫ್ಟ್‌ನರ್ ಮೆಷಿನ್ ಬರೀ ಟಾಯ್ಲೆಟ್‌ಗೋಸ್ಕರ ಹಾಕಿಸುವುದು ನನ್ನ ಪ್ರಕಾರ ದಂಡ.

ಒಂದು ಮನೆಯ ಕಮೋಡ್ ಮಾತ್ರ ದಾರಿಗೆ ಬಂದಿಲ್ಲ. ಹಿಂದೆ ಇದ್ದವರು ಸ್ಟೀಲ್ ಜುಂಗಿನಲ್ಲಿ ತಿಕ್ಕಿ ತಿಕ್ಕಿ ಹೊಳಪು ಎದ್ದುಹೋಗಿದೆ. ಗೀರು ಬಿದ್ದ ಜಾಗದಲ್ಲೇ ಕರೆ ಬೇಗ ಕೂರುತ್ತದೆ. ಅದಕ್ಕೆ ಹುಳಿ ಹಾಕಿ ಪ್ರಯೋಜನವಿಲ್ಲ. ಮುಂದಿನ ಸಲ ಮನೆ ಖಾಲಿಯಾದಾಗ ಕಮೋಡನ್ನೇ ಬದಲಾಯಿಸಬೇಕು.