ತೆಂಗಿನಕಾಯಿಗೆ ಗುಂಡು: ಕೈಲ್‌ಪೊದ್ ಸ್ಪರ್ಧೆ ನಡೆಸುವ ಮುನ್ನ

ಸೆಪ್ಟೆಂಬರ್ 3ರ ಕೈಲ್‌ಪೊದ್ ಅನ್ನುವ ಕೊಡವರ ಆಯುಧಪೂಜೆಯ ಹಬ್ಬ ಹತ್ತಿರವಾದಂತೆ ಕೊಡಗಿನಲ್ಲಿ ಕೋವಿಗಳು ಬೀರುವಿನಿಂದ ಹೊರಬರುತ್ತವೆ. ನಾಟಿ ಮುಗಿದಿರುತ್ತದೆ. ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಬ್ಯಾನರ್ ಏರುತ್ತದೆ. ಗುರಿ ಇಡುವುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ನನಗೆ ಭಯವಾಗುವುದು ಯಾರೂ ಗುರಿ ಇಡದ ಹೊತ್ತಿನಲ್ಲಿ: ಜೀಪಿನಿಂದ ಕೋವಿ ಇಳಿಸುವಾಗ, ಸರದಿಗೆ ಕಾಯುವಾಗ, ಫೋಟೊಗೆ ನಿಲ್ಲುವಾಗ.

ಮೊದಲು ಜಾಗ

ತೆಂಗಿನಕಾಯಿಯ ಹಿಂದೆ ಏನಿದೆ ಅಂತ ಮೊದಲು ನೋಡಿ. ಪಾಯಿಂಟ್ 22 ರೈಫಲ್‌ನ ಗುಂಡು ಬೆರಳ ತುದಿಯಷ್ಟಿದ್ದರೂ ಒಂದೂವರೆ ಕಿಲೋಮೀಟರ್‌ವರೆಗೂ ಹೋಗಬಲ್ಲದು. ಕಾಫಿ ತೋಟದ ಗಿಡಗಳು ಅದನ್ನು ತಡೆಯುವುದಿಲ್ಲ. ತಡೆಯುವುದು ಮಣ್ಣು. ಕಡಿದಾದ, ಎತ್ತರದ ಮಣ್ಣಿನ ಬರೆ ಸಿಕ್ಕರೆ ಅದೇ ಒಳ್ಳೆಯ ಜಾಗ. ಇಲ್ಲದಿದ್ದರೆ ಮರಳು ಚೀಲ ಪೇರಿಸಿ. ಬರೆಯಲ್ಲಿ ಬಂಡೆ, ಕಲ್ಲು ಇದ್ದರೆ ಆ ಜಾಗ ಬೇಡವೇ ಬೇಡ. ಕಲ್ಲಿಗೆ ಬಡಿದ ಗುಂಡು ಎತ್ತ ಚಿಮ್ಮುತ್ತದೆ ಅಂತ ಹೇಳಲು ಬರುವುದಿಲ್ಲ. ನೀರು ನಿಂತ ಗದ್ದೆಯೂ ಹಾಗೇ. ಬರೆಯ ಮೇಲೆ ದಾರಿಯೋ ಲೈನ್ ಮನೆಯೋ (ತೋಟದ ಕಾರ್ಮಿಕರ ಸಾಲು ಮನೆ) ಇದೆಯಾ ಅಂತ ಸುಮ್ನೆ ಒಮ್ಮೆ ಹತ್ತಿ ನೋಡಿ ಬನ್ನಿ. ಪೊಲೀಸ್ ಠಾಣೆಗೂ ಮೊದಲೇ ತಿಳಿಸಿ.

ಕಾಯಿಯನ್ನು ಹಗ್ಗದಲ್ಲಿ ತೂಗುಬಿಡುವುದಕ್ಕಿಂತ ಅಲುಗಾಡದ ಹಾಗೆ ಕೂರಿಸುವುದು ವಾಸಿ. ತೂಗಾಡುವ ಕಾಯಿಯ ಜೊತೆ ನಳಿಗೆಯೂ ಅತ್ತಿತ್ತ ಓಡುತ್ತದೆ.

ಆಮೇಲೆ ಕೋವಿ

ಹಬ್ಬದ ದಿನ ಕೋವಿ ಪೂಜೆಗೆ ಕೂತಿರುತ್ತದೆ. ನಳಿಗೆಯ ಬಾಯಿಗೆ ತೋಕ್‌ಪೂ ಸಿಕ್ಕಿಸಿರುತ್ತಾರೆ. ಕೆಂಪು ಹಳದಿಯ ಆ ಹೂವು ನೋಡಲು ಚೆಂದ. ಆದರೆ ಅದರ ಒಂದು ತೊಟ್ಟು ಒಳಗೆ ಜಾರಿ ಉಳಿದರೂ ನಳಿಗೆಯಲ್ಲಿ ಅಡ್ಡಿ ಇದೆ ಅಂತಲೇ ಲೆಕ್ಕ. ಗುಂಡು ಹೋಗುವ ದಾರಿ ಕಟ್ಟಿಕೊಂಡರೆ ನಳಿಗೆ ಉಬ್ಬಬಹುದು, ಸೀಳಲೂಬಹುದು. ಮಳೆಗಾಲ ಪೂರ್ತಿ ಮೂಲೆಯಲ್ಲಿದ್ದ ಕೋವಿಯೊಳಗೆ ತುಕ್ಕು ಇರಬಹುದು, ಕಣಜ ಮಣ್ಣಿನ ಗೂಡನ್ನೂ ಕಟ್ಟಿರಬಹುದು. ಅದಕ್ಕೇ ಮೈದಾನಕ್ಕೆ ಹೊರಡುವ ಮುನ್ನ ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಕೋವಿ ಮಡಚಿ, ಅಂದರೆ ನಳಿಗೆಯ ಹಿಂಬದಿ ತೆರೆದುಕೊಳ್ಳುವಂತೆ ಬಾಗಿಸಿ, ಕೋಲಿಗೆ ಬಟ್ಟೆ ಸುತ್ತಿ ನಳಿಗೆಯಲ್ಲಿ ಎಳೆಯಿರಿ. ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ. ಗುಂಡಗೆ ಬೆಳಕು ಕಂಡರೆ ಸರಿ.

ತೋಟಾ ಬೇರೆ ಬೇರೆ ಬೋರಿನದು ಒಂದೇ ಜೇಬಿನಲ್ಲಿ ಇರಬಾರದು. ಬೋರು ಅಂದರೆ ನಳಿಗೆಯ ಅಳತೆ, ಸಂಖ್ಯೆ ದೊಡ್ಡದಾದಷ್ಟು ತೋಟಾ ಸಣ್ಣದು. 20 ಬೋರಿನ ತೋಟಾ 12 ಬೋರಿನ ನಳಿಗೆಯೊಳಗೆ ಜಾರಿ ಹೋಗಿ ಮಧ್ಯದಲ್ಲಿ ನಿಲ್ಲುತ್ತದೆ. ಕೋವಿ ಖಾಲಿ ಅಂದುಕೊಂಡು ಹಿಂದೆ 12 ಬೋರಿನದನ್ನು ಹಾಕಿ ಹೊಡೆದರೆ ಎಡಗೈ ಹೋದ ಹಾಗೆಯೇ. 20 ಬೋರಿನದಕ್ಕೆ ಹಳದಿ ಬಣ್ಣ ಕೊಡುವ ರೂಢಿ ಬಂದಿರುವುದು ಇದೇ ಕಾರಣಕ್ಕೆ.

ಗೆರೆಯ ಮೇಲೆ

ಗೆರೆ ಅಂದರೆ ಗುಂಡು ಹೊಡೆಯುವವರು ನಿಲ್ಲುವ ಜಾಗ. ಅಲ್ಲಿ ಒಬ್ಬರೇ ಉಸ್ತುವಾರಿ ಇರಲಿ, ಅವರ ಮಾತೇ ಕೊನೆ. ಮೈಕಿನವರು, ಬಹುಮಾನ ಕೊಡಿಸಿದವರು, ಮನೆತನದ ಹಿರಿಯರು ಯಾರೂ ನಡುವೆ ಬಾಯಿ ಹಾಕಬಾರದು. ‘ನಿಲ್ಲಿಸಿ’ ಅಂತ ಕೂಗುವ ಹಕ್ಕು ಮಾತ್ರ ಎಲ್ಲರಿಗೂ ಇದೆ, ಐದು ವರ್ಷದ ಮಗುವಿಗೂ. ಕೋವಿ ಗೆರೆಗೆ ಬರುವವರೆಗೆ ಮಡಚಿಯೇ ಇರಬೇಕು. ರೈಫಲ್ ಆದರೆ ಬೋಲ್ಟ್ ಹಿಂದಕ್ಕೆ ಎಳೆದಿರಬೇಕು. ಗೆರೆಯ ಮೇಲೆ ನಿಂತ ಮೇಲೇ ತೋಟಾ, ಅದೂ ಒಂದೇ ಒಂದು. ಜೋಡಿ ನಳಿಗೆಯಲ್ಲಿ ಎರಡನ್ನೂ ತುಂಬಿದರೆ ಒಂದು ಹೊಡೆದು ಸಂಭ್ರಮದಲ್ಲಿ ತಿರುಗುವವರ ಕೈಯಲ್ಲಿ ಇನ್ನೊಂದು ಹಾಗೇ ಉಳಿದಿರುತ್ತದೆ.

ತಿರುಗುವುದು ಅಂದೆನಲ್ಲ, ದೊಡ್ಡ ತಲೆನೋವು ಅದೇ. ಕಾಯಿ ಚೂರಾಯಿತು, ಹಿಂದಿನಿಂದ ಯಾರೋ ‘ಇಲ್ಲಿ ನೋಡಿ ಅಣ್ಣಾ’ ಅಂತ ಮೊಬೈಲ್ ಎತ್ತಿದರು. ಇವರು ನಗುತ್ತಾ ತಿರುಗಿದರೆ ನಳಿಗೆಯೂ ಜನರ ಸಾಲಿನ ಮೇಲೆ ಹಾದು ಹೋಗುತ್ತದೆ. ಫೋಟೊ ಬೇಕಿದ್ದರೆ ಕೋವಿ ಮೇಜಿನ ಮೇಲಿಟ್ಟು ಬಂದು ತೆಗೆಸಿಕೊಳ್ಳಲಿ.

ಟ್ರಿಗರ್ ಒತ್ತಿದರೂ ಗುಂಡು ಹಾರಲಿಲ್ಲ ಅಂದರೆ ತಕ್ಷಣ ಮಡಚಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ನಳಿಗೆಯನ್ನು ಗುರಿಯತ್ತಲೇ ಹಿಡಿದು 30 ಸೆಕೆಂಡ್ ಕಾಯಿರಿ. ಜನ ನಗಲಿ ಬಿಡಿ.

ಒಡೆದ ಕಾಯಿಯ ಚೂರಿಗೆ ಮಕ್ಕಳು ಓಡುತ್ತವೆ, ಅಲ್ವಾ? ಗೆರೆಯ ಹಿಂದೆ ಗಟ್ಟಿಯಾಗಿ ಹಗ್ಗ ಕಟ್ಟಿ. ಎಲ್ಲ ಕೋವಿಗಳೂ ಮಡಚಿ ಮೇಜಿನ ಮೇಲೆ ಬಂದು, ಯಾರ ಕೈಯೂ ಅವುಗಳ ಮೇಲಿಲ್ಲ ಅಂತ ಉಸ್ತುವಾರಿ ನೋಡಿದ ಮೇಲೇ ಒಬ್ಬರು ಹೋಗಿ ಹೊಸ ಕಾಯಿ ಇಟ್ಟು ಬರಲಿ.

ಕಿವಿಗೆ ಹತ್ತಿ ಸಾಲದು. 140 ಡೆಸಿಬೆಲ್ ದಾಟಿದ ಸದ್ದು ಒಂದೇ ಏಟಿಗೆ ಕಿವಿ ಕೆಡಿಸಬಹುದು, 12 ಬೋರಿನ ಸದ್ದು ಅದಕ್ಕಿಂತ ಜಾಸ್ತಿ. ಇಯರ್‌ಮಫ್ ತರಿಸಿ.

ಕಾನೂನು, ಊಟ

ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಇರುವುದು ಲೈಸೆನ್ಸ್‌ಗೆ ಮಾತ್ರ. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ಆದ ತಿದ್ದುಪಡಿ ಪ್ರಕಾರ, ಸಮಾರಂಭದಲ್ಲಿ ಜೀವಕ್ಕೆ ಅಪಾಯವಾಗುವಂತೆ ಬೇಕಾಬಿಟ್ಟಿ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಸ್ಪರ್ಧೆಯನ್ನು ಬೆಳಗ್ಗೆಯೇ ಇಟ್ಟುಕೊಳ್ಳಿ. ಹಬ್ಬದೂಟ ಅಂದರೆ ಕಡಂಬುಟ್ಟು, ಪಂದಿ ಕರಿ, ಜೊತೆಗೆ ಗ್ಲಾಸೂ ಬಂದೇ ಬರುತ್ತದೆ. ಒಂದೇ ಗುಟುಕು ಕುಡಿದಿದ್ದರೂ ಗೆರೆಗೆ ಬಿಡಬಾರದು, ಎಷ್ಟೇ ಹತ್ತಿರದ ನೆಂಟರಾಗಲಿ. ಕೊನೆಯ ಸುತ್ತು ಮುಗಿದ ಮೇಲೆ ತೋಟಾ ಎಣಿಸಿ, ಕೋವಿಗಳನ್ನು ಚೀಲಕ್ಕೆ ಹಾಕಿ ಮನೆಗೆ ಕಳಿಸಿ. ಊಟದ ಎಲೆ ಹಾಕುವುದು ಆಮೇಲೆ.