‘ಪಾಸ್ ಆನ್’ ಬದಲು ಯಾವ ಪದ ಬರೆಯಲಿ? ನನ್ನ ಅನುಭವ

ಇಂಗ್ಲಿಷಿನಲ್ಲಿ ಯಂತ್ರಗಳಿಗೆ, ಸಾಫ್ಟ್‌ವೇರ್‌ಗಳಿಗೆ ಕೈಪಿಡಿ ಬರೆಯುವುದು ನನ್ನ ಕೆಲಸ. ಬೇರೆಯವರು ಬರೆದದ್ದನ್ನು ತಿದ್ದುವುದೂ ಇರುತ್ತದೆ. ಈ ಕೆಲಸದಲ್ಲಿ ಜಾಸ್ತಿ ತಲೆ ತಿನ್ನುವ ಕ್ರಿಯಾಪದ ಅಂದರೆ ‘ಪಾಸ್ ಆನ್’. ಇಲ್ಲಿಂದ ಅಲ್ಲಿಗೆ ಏನೋ ಹೋಗುತ್ತದೆ, ಅಷ್ಟೇ. ಆದರೆ ಅದಕ್ಕೆ ಎಷ್ಟೊಂದು ಪದ! ಸೆಂಡ್, ಫಾರ್ವರ್ಡ್, ರಿಲೇ, ಕನ್ವೇ, ಟ್ರಾನ್ಸ್‌ಮಿಟ್, ಟ್ರಾನ್ಸ್‌ಫರ್, ಹ್ಯಾಂಡ್ ಓವರ್, ಇಂಪಾರ್ಟ್. ಥೆಸಾರಸ್ (ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕೊಡುವ ಕೋಶ) ತೆರೆದರೆ ಎಲ್ಲವೂ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಯಾವುದನ್ನು ಎತ್ತಿಕೊಳ್ಳಬೇಕು ಅಂತ ಅದು ಬಾಯಿ ಬಿಡುವುದಿಲ್ಲ.

ಥೆಸಾರಸ್ಸನ್ನು ದೂರಿ ಪ್ರಯೋಜನವಿಲ್ಲ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ 1852ರಲ್ಲಿ ತನ್ನದನ್ನು ಹೊರತಂದಾಗ ಪದಗಳನ್ನು ಅರ್ಥದ ಗುಂಪುಗಳಾಗಿ ಜೋಡಿಸಿದ್ದ. ಹೇಳಬೇಕಾದ್ದು ಮನಸ್ಸಿನಲ್ಲಿದೆ, ಪದ ಮಾತ್ರ ನೆನಪಾಗ್ತಿಲ್ಲ ಅನ್ನುವವರಿಗೆ ಅದು ಸರಿಯಾದ ಸಹಾಯ. ಪದಗಳ ನಡುವಿನ ವ್ಯತ್ಯಾಸವೇ ಗೊತ್ತಿಲ್ಲದವರು ಅದರಲ್ಲಿ ಹುಡುಕಿದರೆ ದಾರಿ ತಪ್ಪುವುದೇ ಜಾಸ್ತಿ.

ಹಾಗಾಗಿ ನಾನು ಪದದ ಎದುರು ಅರ್ಥ ಬರೆದುಕೊಳ್ಳುವುದನ್ನು ಬಿಟ್ಟೆ. ಬದಲಿಗೆ ಪ್ರಶ್ನೆ ಕೇಳತೊಡಗಿದೆ. ದಾಟುತ್ತಿರುವುದು ಏನು? ನಡುವೆ ಯಾರಾದರೂ ಇದ್ದಾರಾ? ಕೊಟ್ಟ ಮೇಲೂ ಕೊಟ್ಟವರ ಹತ್ತಿರ ಅದು ಉಳಿಯುತ್ತದಾ?

ಕೊನೆಯ ಪ್ರಶ್ನೆಯೇ ಹೆಚ್ಚು ಕೆಲಸಕ್ಕೆ ಬಂತು. ಕೀಲಿಕೈಯನ್ನು ಹ್ಯಾಂಡ್ ಓವರ್ ಮಾಡಿದರೆ ನನ್ನ ಕೈ ಖಾಲಿ. ಅಧಿಕಾರವೂ ಹಾಗೇ. ಆದರೆ ಜ್ವರ ಇನ್ನೊಬ್ಬರಿಗೆ ಟ್ರಾನ್ಸ್‌ಮಿಟ್ ಆಯಿತು ಅಂತ ಮೊದಲಿನವರ ಜ್ವರ ಇಳಿಯುವುದಿಲ್ಲ. ವಿದ್ಯೆಯನ್ನು ಇಂಪಾರ್ಟ್ ಮಾಡಿದ ಮೇಷ್ಟ್ರ ಹತ್ತಿರ ವಿದ್ಯೆ ಹಾಗೇ ಇರುತ್ತದೆ. ಟ್ರಾನ್ಸ್‌ಫರ್ ಮಾತ್ರ ಎರಡೂ ಕಡೆ ಕಾಲಿಟ್ಟ ಪದ. ಹಣ ಟ್ರಾನ್ಸ್‌ಫರ್ ಮಾಡಿದರೆ ನಮ್ಮ ಖಾತೆಯಿಂದ ಹೋಗುತ್ತದೆ. ಫೈಲ್ ಟ್ರಾನ್ಸ್‌ಫರ್ ಮಾಡಿದರೆ ಸಾಮಾನ್ಯವಾಗಿ ಹೋಗುವುದು ನಕಲು, ಮೂಲ ಇದ್ದಲ್ಲೇ ಇರುತ್ತದೆ. ಸುಮ್ನೆ ಓದುವಾಗ ಇದು ತೊಂದರೆ ಕೊಡುವುದಿಲ್ಲ. ಕೈಪಿಡಿಯಲ್ಲಿ ಕೊಡುತ್ತದೆ. ಹಳೆ ಸಾಧನದಲ್ಲಿ ಫೈಲ್ ಇನ್ನೂ ಇದೆಯೋ ಇಲ್ಲವೋ ಅಂತ ಓದುಗರಿಗೆ ಗೊತ್ತಾಗಬೇಕಲ್ವಾ? ಅಂಥ ಕಡೆ ನಾನು ‘ಕಾಪಿ’ ಅಥವಾ ‘ಮೂವ್’ ಅಂತಲೇ ಬರೆಯುತ್ತೇನೆ.

ಇಲ್ಲಿ ಕನ್ನಡ ನನಗೆ ಚೆನ್ನಾಗಿ ನೆರವಾಯಿತು. ಕೀಲಿಕೈ ಒಪ್ಪಿಸುತ್ತೇವೆ, ರೋಗ ಅಂಟಿಸುತ್ತೇವೆ, ಸುದ್ದಿ ಮುಟ್ಟಿಸುತ್ತೇವೆ, ವಿದ್ಯೆ ಧಾರೆ ಎರೆಯುತ್ತೇವೆ. ಜ್ವರವನ್ನು ಯಾರೂ ಒಪ್ಪಿಸುವುದಿಲ್ಲ, ಕೀಲಿಕೈಯನ್ನು ಯಾರೂ ಅಂಟಿಸುವುದಿಲ್ಲ. ಈ ವ್ಯತ್ಯಾಸವನ್ನು ನಮಗೆ ಯಾರೂ ಪಾಠ ಮಾಡಿಲ್ಲ, ಕಿವಿಗೆ ಗೊತ್ತು. ಇಂಗ್ಲಿಷ್ ಪದದಲ್ಲಿ ಅನುಮಾನ ಬಂದಾಗ ಮೊದಲು ಕನ್ನಡದಲ್ಲಿ ಹೇಳಿ ನೋಡುತ್ತೇನೆ. ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ, ಆದರೆ ಯಾವ ಕಡೆ ಹುಡುಕಬೇಕು ಅಂತ ತಿಳಿಯುತ್ತದೆ.

ಇನ್ನು ನಡುವೆ ನಿಂತವರ ವಿಷಯ. ರಿಲೇ ಅನ್ನುವುದು ಹಳೆಯ ಫ್ರೆಂಚಿನಿಂದ ಬಂದ ಪದ. ಬೇಟೆಯಲ್ಲಿ ದಣಿದ ನಾಯಿಗಳ ಜಾಗಕ್ಕೆ ಬಿಡಲು ದಾರಿಯಲ್ಲಿ ಸಿದ್ಧವಾಗಿ ನಿಲ್ಲಿಸಿದ ಹೊಸ ನಾಯಿಗಳಿಗೆ ಆ ಹೆಸರಿತ್ತು. ಆಮೇಲೆ ಕುದುರೆಗಳಿಗೆ ಬಂತು. ಟೆಲಿಗ್ರಾಫ್ ಕಾಲದಲ್ಲಿ, ದೂರ ಸಾಗಿ ಬಲ ಕಳೆದುಕೊಂಡ ಸಂಕೇತಕ್ಕೆ ಹೊಸ ಬ್ಯಾಟರಿಯ ಬಲ ಕೊಟ್ಟು ಮುಂದೆ ದಾಟಿಸುವ ಸಾಧನಕ್ಕೂ ಅದೇ ಹೆಸರಾಯಿತು. ಅಂದರೆ ರಿಲೇ ಅಂದಾಗ ನಡುವೆ ಒಬ್ಬರು ಇರಲೇಬೇಕು. ಫಾರ್ವರ್ಡ್‌ನಲ್ಲೂ ಅಷ್ಟೇ, ನನಗೆ ಬಂದದ್ದು ಮುಂದಕ್ಕೆ ಹೋಗುತ್ತದೆ. ನೆಟ್‌ವರ್ಕಿನಲ್ಲಿ ಬಂದ ಮಾಹಿತಿಯನ್ನು ಮುಂದಕ್ಕೆ ದಾಟಿಸುವ ಸಾಧನ ರೂಟರ್. ಅದು ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ಸಣ್ಣ ತುಣುಕುಗಳನ್ನು, ‘ಸೆಂಡ್’ ಮಾಡುತ್ತದೆ ಅಂತ ಬರೆದರೆ ಅವು ರೂಟರಿನಲ್ಲೇ ಹುಟ್ಟಿದವು ಅನ್ನಿಸುತ್ತದೆ. ಅದಕ್ಕೇ ನೆಟ್‌ವರ್ಕ್‌ನವರು ಫಾರ್ವರ್ಡ್ ಅನ್ನುತ್ತಾರೆ. ಕನ್ವೇ ಬೇರೆ ಜಾತಿ. ಮಾತು ಬದಲಾದರೂ ಪರವಾಗಿಲ್ಲ, ಅರ್ಥ ಮುಟ್ಟಬೇಕು. ಕೃತಜ್ಞತೆ, ಸಂತಾಪ ಇವಕ್ಕೆಲ್ಲ ಅದೇ ಸರಿ. ‘ನಿಮ್ಮ ಸಂತಾಪವನ್ನು ಫಾರ್ವರ್ಡ್ ಮಾಡ್ತೀನಿ’ ಅಂದರೆ ಹೇಗಿರುತ್ತದೆ, ನೀವೇ ಹೇಳಿ.

ಒಮ್ಮೆ ತಿದ್ದಲು ಬಂದ ಕರಡಿನಲ್ಲಿ ಹೀಗಿತ್ತು: ಸೆನ್ಸರ್ ಉಷ್ಣತೆಯ ಅಳತೆಯನ್ನು ಗೇಟ್‌ವೇಗೆ (ಸೆನ್ಸರಿಗೂ ಇಂಟರ್ನೆಟ್ಟಿಗೂ ನಡುವೆ ಇರುವ ಸಾಧನ) ‘ಸೆಂಡ್’ ಮಾಡುತ್ತದೆ. ಗೇಟ್‌ವೇ ಅದನ್ನು ಸರ್ವರಿಗೆ ‘ಕನ್ವೇ’ ಮಾಡುತ್ತದೆ. ಅಳತೆ ‘ಟ್ರಾನ್ಸ್‌ಮಿಟ್’ ಆಗದಿದ್ದರೆ ಕೆಂಪು ದೀಪ. ‘ಪಾಸ್ ಆನ್’ ಆದ ಮೇಲೆ ಹಸಿರು. ಒಂದೇ ಪದ ಪದೇ ಪದೇ ಬರಬಾರದು ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ, ಬರೆದವರು ಅದನ್ನು ನಿಷ್ಠೆಯಿಂದ ಪಾಲಿಸಿದ್ದರು. ಕತೆ ಬರೆಯುವಾಗ ಇರಲಿ. ಇಲ್ಲಿ ದೀಪ ಕೆಂಪಾದವರು ಏನು ಮಾಡಬೇಕು? ಸೆನ್ಸರ್ ನೋಡಬೇಕಾ, ಇಂಟರ್ನೆಟ್ ನೋಡಬೇಕಾ? ಬರೆದವರನ್ನೇ ಕೇಳಿದೆ. ಗೇಟ್‌ವೇಯಿಂದ ಸರ್ವರಿಗೆ ಹೋಗದಿದ್ದರೆ ಮಾತ್ರ ಕೆಂಪು ಅಂದರು. ಸರಿ, ಸೆನ್ಸರಿಗೆ ‘ಸೆಂಡ್’, ಗೇಟ್‌ವೇಗೆ ‘ಫಾರ್ವರ್ಡ್’ ಅಂತ ಎರಡೇ ಪದ ಇಟ್ಟೆವು. ದೀಪದ ವಾಕ್ಯಗಳಲ್ಲೂ ‘ಫಾರ್ವರ್ಡ್’. ಒಂದೇ ಪುಟದಲ್ಲಿ ಅದು ಮತ್ತೆ ಮತ್ತೆ ಬಂತು. ಬರಲಿ ಬಿಡಿ.

ಪದಗಳ ಮೂಲ ಕೆದಕುವುದು ನನಗೊಂದು ಹುಚ್ಚು. ಲ್ಯಾಟಿನ್ನಿನಲ್ಲಿ ‘ಒಪ್ಪಿಸು’ ಅನ್ನುವ ಅರ್ಥದ ‘ತ್ರಾದೆರೆ’ ಎಂಬ ಒಂದೇ ಕ್ರಿಯಾಪದದಿಂದ ಇಂಗ್ಲಿಷಿಗೆ ‘ಟ್ರೆಡಿಶನ್’ ಬಂದಿದೆ, ‘ಟ್ರೈಟರ್’ ಕೂಡ ಬಂದಿದೆ. ಮಕ್ಕಳಿಗೆ ಒಪ್ಪಿಸಿದರೆ ಸಂಪ್ರದಾಯ, ಶತ್ರುವಿಗೆ ಒಪ್ಪಿಸಿದರೆ ದ್ರೋಹ! ಓದಲು ಖುಷಿ, ಆದರೆ ವಾಕ್ಯ ಬರೆಯುವಾಗ ಇದರಿಂದ ಹೆಚ್ಚು ಉಪಯೋಗ ಇಲ್ಲ. ‘ಡೆಲಿವರ್’ ಪದದ ಬೇರಿನಲ್ಲಿ ಇರುವುದು ಬಿಡುಗಡೆ. ಅದನ್ನು ತಿಳಿದುಕೊಂಡು ಪಾರ್ಸೆಲ್ ಬಗ್ಗೆ ಏನು ಬರೆಯುವುದು? ಆ ಪದ ಈಗ ಯಾವ ನಾಮಪದದ ಜೊತೆ ಓಡಾಡುತ್ತದೆ ಅನ್ನುವುದು ಮುಖ್ಯ. ಅದಕ್ಕೆ ಕಲಿಯುವವರಿಗಾಗಿಯೇ ಮಾಡಿದ, ಉದಾಹರಣೆ ವಾಕ್ಯ ಜಾಸ್ತಿ ಇರುವ ನಿಘಂಟು ಒಳ್ಳೆಯದು. ಮೊದಲು ವಾಕ್ಯಗಳನ್ನು ಓದಿ, ಅರ್ಥವನ್ನು ಆಮೇಲೆ ನೋಡುತ್ತೇನೆ.

‘ಪಾಸ್ ಆನ್’ ಅನ್ನು ನಾನು ಕೈಪಿಡಿಯಿಂದ ಪೂರ್ತಿ ತೆಗೆದುಹಾಕಿದ್ದೇನೆ. ಸಂದೇಶವನ್ನು ಪಾಸ್ ಆನ್ ಮಾಡಿದರೆ ಮುಂದೆ ದಾಟಿಸಿದ್ದು. ಒಂದು ಅವಕಾಶದ ಬಗ್ಗೆ ‘ಪಾಸ್ ಆನ್’ ಅಂದರೆ ಬೇಡ ಅಂದದ್ದು. ಒಬ್ಬ ವ್ಯಕ್ತಿ ಪಾಸ್ ಆನ್ ಆದರು ಅಂದರೆ ತೀರಿಕೊಂಡರು. ಸಂದೇಹ ಬಂದ ಕಡೆಯೆಲ್ಲ ‘ಸೆಂಡ್’ ಅಥವಾ ‘ಗಿವ್’ ಬರೆದರೆ ಸಾಕು, ಯಾವ ಓದುಗರೂ ಇದುವರೆಗೆ ಭಾಷೆ ಸಪ್ಪೆ ಅಂತ ನನ್ನ ಹತ್ತಿರ ಜಗಳಕ್ಕೆ ಬಂದಿಲ್ಲ.