ಬ್ಯಾಟರಿ ಚೆನ್ನಾಗಿತ್ತು, ಚಾರ್ಜ್ ದಾರಿಯಲ್ಲೇ ಉಳಿಯುತ್ತಿತ್ತು

ತರೀಕೆರೆಯಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಕೆಲಸ. ಟ್ರ್ಯಾಕ್ಟರ್, ಜೀಪ್, ಪಿಕಪ್ ಇವೇ ಜಾಸ್ತಿ. ಲಕ್ಕವಳ್ಳಿಯ ಭದ್ರಾ ಹಿನ್ನೀರು ಹತ್ತಿರ ಇರುವುದರಿಂದ ಆಗೊಮ್ಮೆ ಈಗೊಮ್ಮೆ ಮೋಟಾರ್ ಬೋಟ್ ಕೆಲಸವೂ ಬರುತ್ತದೆ. ದೂರು ಹೆಚ್ಚಾಗಿ ಒಂದೇ: ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ.

ಈ ಸಲ ಬಂದ ಬೋಟಿನದೂ ಅದೇ ದೂರು, ಬ್ಯಾಟರಿ ಹಳೆಯದೇನಲ್ಲ. ಆದರೂ ಬೇರೆ ಹಾಕಿಸಿ ಅಂತ ಯಾರೋ ಹೇಳಿದ್ದರಂತೆ. “ಅಣ್ಣಾ, ಹೊಸದೇ ಹಾಕ್ಸಿಬಿಡೋಣ್ವಾ?” ಅಂದ ಬೋಟ್ ಓಡಿಸುವ ಹುಡುಗ. “ಇರೋ ಮಾರಾಯ, ಮೊದ್ಲು ಮೀಟರ್ ಹಿಡಿಯೋಣ” ಅಂದೆ.

ರಾತ್ರಿ ಸುಮ್ನೆ ನಿಂತಿದ್ದ ಬ್ಯಾಟರಿ 12.1 ವೋಲ್ಟ್ ತೋರಿಸಿತು. ಪೂರ್ತಿ ತುಂಬಿದ್ದರೆ 12.6ರಿಂದ 12.7 ಇರಬೇಕು. ಅರೆಹೊಟ್ಟೆಯ ಬ್ಯಾಟರಿ ಇಟ್ಟುಕೊಂಡು ಚಾರ್ಜಿಂಗ್ ಪರೀಕ್ಷೆ ಮಾಡಿದರೆ ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ. ಅಂಗಡಿಗೆ ತಂದು ಚಾರ್ಜಿಗೆ ಹಾಕಿದೆ. ಮಾರನೇ ದಿನ ಸೆಲ್ಫ್ ಹೊಡೆಯುವಾಗಲೂ ಹತ್ತು ವೋಲ್ಟಿನ ಮೇಲೆಯೇ ನಿಂತಿತು. ಬ್ಯಾಟರಿ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಬೋಟಿನ ಹಿಂಬದಿಗೆ ತಗಲಿಸುವ ಇಂಥ ಔಟ್‌ಬೋರ್ಡ್ ಎಂಜಿನ್ನಿನಲ್ಲಿ ಕಾರಿನ ಹಾಗೆ ಬೆಲ್ಟ್ ತಿರುಗಿಸುವ ಆಲ್ಟರ್ನೇಟರ್ ಇರುವುದಿಲ್ಲ. ಬೈಕಿನ ಪದ್ಧತಿಯೇ. ಎಂಜಿನ್ ಜೊತೆ ತಿರುಗುವ ಫ್ಲೈವ್ಹೀಲಿನಲ್ಲಿ ಅಯಸ್ಕಾಂತ, ಅದರೊಳಗೆ ತಿರುಗದೆ ನಿಂತ ಸ್ಟೇಟರ್ ಕಾಯಿಲ್. ಅಲ್ಲಿ ಹುಟ್ಟುವ ಎಸಿಯನ್ನು ರೆಕ್ಟಿಫೈಯರ್-ರೆಗ್ಯುಲೇಟರ್ ಡಿಸಿ ಮಾಡಿ, ಹದಿನಾಲ್ಕು ಚಿಲ್ಲರೆ ವೋಲ್ಟ್ ದಾಟದಂತೆ ತಡೆದು ಬ್ಯಾಟರಿಗೆ ಕಳಿಸುತ್ತದೆ.

ಬೋಟನ್ನು ದಂಡೆಗೆ ಕಟ್ಟಿ, ನೀರಿನಲ್ಲೇ ಎಂಜಿನ್ ಸ್ಟಾರ್ಟ್ ಮಾಡಿಸಿದೆ. ತಂಪು ಮಾಡಲು ನೀರಿಲ್ಲದೆ ಇದನ್ನು ಓಡಿಸಬಾರದು. ಆರ್‌ಪಿಎಂ ಏರಿಸಿದರೂ ಬ್ಯಾಟರಿ ಟರ್ಮಿನಲ್ಲಿನಲ್ಲಿ 12.8 ದಾಟಲಿಲ್ಲ. 13.8ರಿಂದ 14.5ರೊಳಗೆ ಎಲ್ಲಾದರೂ ಬರಬೇಕಿತ್ತು. ಈ ಹಂತದಲ್ಲಿ ತುಂಬಾ ಜನ ರೆಕ್ಟಿಫೈಯರ್ ಹೋಗಿದೆ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಸಣ್ಣ ಬೆಲೆಯ ಮಾಲಲ್ಲ ಅದು. ನಾನು ಮೀಟರಿನ ಕಪ್ಪು ಮೊನೆಯನ್ನು ಎಂಜಿನ್ ಬಾಡಿಗೆ ಒತ್ತಿ, ಕೆಂಪು ಮೊನೆಯನ್ನು ರೆಕ್ಟಿಫೈಯರಿನಿಂದ ಹೊರಡುವ ತಂತಿಗೇ ಇಟ್ಟೆ. 14.4! ಕರೆಂಟ್ ಹುಟ್ಟುತ್ತಿದೆ, ಬ್ಯಾಟರಿಗೆ ತಲುಪುತ್ತಿಲ್ಲ. ಸ್ಟೇಟರನ್ನು ಬಿಚ್ಚುವ ಕೆಲಸವೇ ತಪ್ಪಿತು.

“ಅಣ್ಣಾ, ವೈರ್ ಸರಿ ಇದೆ, ಬೀಪ್ ಬಂತು ಅಂದಿದ್ರು” ಅಂದ ಹುಡುಗ. ಬೀಪ್ ಬಂದಿರುತ್ತದೆ, ಸುಳ್ಳಲ್ಲ. ಆದರೆ ತಂತಿ ತುಂಡಾಗಿಲ್ಲ ಅಂತ ಮೀಟರ್ ಕೂಗಿ ಹೇಳುವ ಈ ಬೀಪ್ ಪರೀಕ್ಷೆಯಲ್ಲಿ ಅದು ಹರಿಸುವುದು ತೀರಾ ಸಣ್ಣ ಕರೆಂಟ್. ತಂತಿಯ ಒಂದೇ ಒಂದು ಎಳೆ ಉಳಿದಿದ್ದರೂ ಕೂಗುತ್ತದೆ. ನಾಲ್ಕೈದು ಆಂಪಿಯರ್ ಹರಿಯಬೇಕಾದಾಗ ಬಂಡವಾಳ ಗೊತ್ತಾಗುವುದು. ಅದಕ್ಕೇ ಎಂಜಿನ್ ಓಡುತ್ತಿರುವಾಗಲೇ, ತಂತಿಯ ಎರಡು ತುದಿಗೆ ಎರಡು ಮೊನೆ ಇಟ್ಟು ನಡುವೆ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅಂತ ನೋಡಬೇಕು. 0.2 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ಇಲ್ಲಿ ಪ್ಲಸ್ ಕಡೆ 1.2, ಮೈನಸ್ ಕಡೆ 0.4 ಹೋಗುತ್ತಿತ್ತು.

ಪ್ಲಸ್ ಕಡೆಯ ಕಳ್ಳ ಫ್ಯೂಸ್ ಹೋಲ್ಡರ್. ಮುಟ್ಟಿದರೆ ಬೆರಳಿಗೆ ಬಿಸಿ ತಾಗಿತು. ಐದು ಆಂಪಿಯರಿಗೆ 1.2 ವೋಲ್ಟ್ ಅಂದರೆ ಆರು ವ್ಯಾಟ್ ಶಾಖ, ಅದೂ ಹೆಬ್ಬೆರಳಷ್ಟು ಜಾಗದಲ್ಲಿ. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಹೋಲ್ಡರ್ ತೆಗೆದೆ. ಪ್ಲಾಸ್ಟಿಕ್ ಒಂದು ಬದಿ ಕಂದುಬಣ್ಣಕ್ಕೆ ತಿರುಗಿತ್ತು, ಫ್ಯೂಸ್ ಹಿಡಿಯುವ ಪಟ್ಟಿ ಸಡಿಲವಾಗಿ ಹಸಿರು ಕಿಲುಬು ಹಿಡಿದಿತ್ತು. ಫ್ಯೂಸ್ ಮಾತ್ರ ಹೊಸದರಂತೆ ಇತ್ತು! ಮೈನಸ್ ತಂತಿಯ ತುದಿಗೆ ಹಾಕುವ ಲೋಹದ ಲಗ್ಗಿನ ಬುಡದಲ್ಲಿ ಸ್ಲೀವ್ ಸೀಳಿದರೆ ತಾಮ್ರದ ಎಳೆಗಳು ಕಪ್ಪಗಾಗಿದ್ದವು. ಕರಾವಳಿಯ ಉಪ್ಪುನೀರು ಇಲ್ಲಿಲ್ಲ, ನಿಜ. ಆದರೆ ಮಲೆನಾಡಿನ ಮಳೆಗಾಲದ ತೇವ ಸಾಲದಾ?

ಕಪ್ಪಾದಷ್ಟು ತಂತಿ ಕತ್ತರಿಸಿ, ಹೊಳೆಯುವ ತಾಮ್ರ ಸಿಕ್ಕಿದ ಮೇಲೆ ಹೊಸ ಲಗ್ ಹಾಕಿ ಒತ್ತಿ ಬಿಗಿದು ಕ್ರಿಂಪ್ ಮಾಡಿದೆ. ಮೇಲೆ ಒಳಗಡೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಶ್ರಿಂಕ್ ಸ್ಲೀವ್. ನೀರು ತಡೆಯುವ ಫ್ಯೂಸ್ ಹೋಲ್ಡರ್ ಕೂರಿಸಿದೆ, ಫ್ಯೂಸ್ ಮೊದಲಿನ ಆಂಪಿಯರಿನದೇ. ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಪರೀಕ್ಷೆ ಮಾಡುವವರಿದ್ದಾರೆ, ದಯವಿಟ್ಟು ಬೇಡ. ಚೆನ್ನಾಗಿರುವ ರೆಗ್ಯುಲೇಟರೂ ಸುಟ್ಟುಹೋದೀತು.

ಈಗ ಬ್ಯಾಟರಿಯಲ್ಲೇ 14.2 ಬಂತು. ಆದರೆ ಎಂಜಿನ್ ಐಡ್ಲಿಂಗಿಗೆ ಇಳಿದರೆ ಚಾರ್ಜ್ ಕಮ್ಮಿಯೇ. ಇದು ದೋಷವಲ್ಲ, ಮ್ಯಾಗ್ನೆಟ್ ನಿಧಾನ ತಿರುಗಿದರೆ ಅಷ್ಟೇ ಹುಟ್ಟುವುದು. ಬೇಸಿಗೆಯಲ್ಲಿ ನೀರಿಳಿದು ನಡುಗಡ್ಡೆಗಳು ಎದ್ದಾಗ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡಲು ಬರುತ್ತವೆ. ಅವುಗಳಿಗೆ ಗಾಬರಿಯಾಗದಂತೆ ಬೋಟ್ ದೂರದಲ್ಲೇ, ನಿಧಾನವಾಗಿ ಹೋಗಬೇಕು. ದಿನವೆಲ್ಲಾ ಹೀಗೇ ಓಡಿಸಿದರೆ ಸಂಜೆ ಹೊರಗಿನ ಚಾರ್ಜರಿಗೆ ಹಾಕಲೇಬೇಕು ಅಂತ ಹುಡುಗನಿಗೆ ಹೇಳಿದೆ.

ಇನ್ನೊಂದು ನೋಡುವುದಿತ್ತು. ಎಲ್ಲಾ ಆಫ್ ಮಾಡಿ, ಮೈನಸ್ ತಂತಿಯ ಸಾಲಿನಲ್ಲಿ ಮೀಟರ್ ಸೇರಿಸಿದರೆ 0.3 ಆಂಪಿಯರ್ ಹೋಗುತ್ತಲೇ ಇತ್ತು. ಹನ್ನೆರಡು ಗಂಟೆ ಹೀಗೇ ಹರಿದರೆ ಮೂರೂವರೆ ಆಂಪಿಯರ್-ಅವರ್‌ಗೂ ಜಾಸ್ತಿ ಖಾಲಿ. ಒಂದೊಂದೇ ವೈರ್ ಬಿಚ್ಚುತ್ತಾ ಹೋದೆ. ಹಾಡಿನ ಸೆಟ್ಟನ್ನು ಯಾರೋ ನೇರ ಬ್ಯಾಟರಿಗೇ ಕೊಟ್ಟಿದ್ದರು. ಒಂದು ಮೇನ್ ಸ್ವಿಚ್ ಹಾಕಿ ಸೆಟ್, ಲೈಟ್, ಮೊಬೈಲ್ ಚಾರ್ಜರ್ ಎಲ್ಲವನ್ನೂ ಅದರ ಹಿಂದೆ ತಂದೆ. ಬೋಟಿನ ತಳದ ನೀರೆತ್ತುವ ಪಂಪನ್ನು ಮಾತ್ರ ಸ್ವಿಚ್ಚಿನ ಹೊರಗೆ, ಬೇರೆ ಫ್ಯೂಸಿನಲ್ಲಿ ಬಿಟ್ಟಿದ್ದೇನೆ. ರಾತ್ರಿ ಮಳೆ ಸುರಿದರೆ ಅದು ತಾನಾಗಿಯೇ ಓಡಬೇಕು, ಅಲ್ವಾ.